ಪುಟ್ಟ ಮಗುವಿಗೆ ಆಪರೇಷನ್‌ಗೂ ಮುಂಚೆ ಹಾರ್ಮೋನ್ ಯಾಕೆ?

ಇವತ್ತಿನ ವಿಷಯ ಸಾಮಾನ್ಯವಾಗಿ ಮನೆಗಳಲ್ಲಿ ಪಿಸುಮಾತಲ್ಲೇ ಮುಗಿದುಹೋಗುತ್ತೆ. ಇಯರ್‌ಫೋನ್ ಹಾಕಿಕೊಂಡೇ ಕೇಳಿ ಪರವಾಗಿಲ್ಲ, ಆದ್ರೆ ಪೂರ್ತಿ ಕೇಳಿ. ಒಂದು ಮಾತು: ನಾನು ಓದಿದ್ದು ಬಿಕಾಂ, ನಾನು ಡಾಕ್ಟರ್ ಅಲ್ಲ. ಡಾಕ್ಟರ್ ಮುಂದೆ ಕೂತಾಗ ಅವರ ಮಾತು ಅರ್ಥ ಆಗ್ಲಿ ಅಂತಷ್ಟೇ ಈ ಎಪಿಸೋಡ್.

ಹೈಪೋಸ್ಪೇಡಿಯಾಸ್ ಅಂದ್ರೆ ಗಂಡು ಮಗುವಿನ ಮೂತ್ರದ ರಂಧ್ರ ಶಿಶ್ನದ ತುದಿಯಲ್ಲಿ ಇರೋ ಬದಲು ಕೆಳಭಾಗದಲ್ಲಿ ಇರೋದು. ಕೆಲವು ಮಕ್ಕಳಲ್ಲಿ ತುದಿಯ ಹತ್ತಿರವೇ ಇರುತ್ತೆ, ಕೆಲವರಲ್ಲಿ ವೃಷಣದ ಚೀಲದವರೆಗೂ ಕೆಳಗಿರುತ್ತೆ. ಇದೇನೂ ತೀರಾ ಅಪರೂಪ ಅಲ್ಲ. ಸುಮಾರು 200ರಿಂದ 300 ಗಂಡು ಮಕ್ಕಳಲ್ಲಿ ಒಬ್ಬರಿಗೆ ಹೀಗಿರುತ್ತೆ. ಗರ್ಭದಲ್ಲಿರುವಾಗ ಮೂತ್ರನಾಳ ಪೂರ್ತಿ ಮುಚ್ಚಿಕೊಳ್ಳದೆ ಉಳಿದಾಗ ಹೀಗಾಗುತ್ತೆ. ಗ್ರಹಣದ ದಿನ ತಾಯಿ ಹೊರಗೆ ಬಂದಿದ್ದಕ್ಕೆ ಹೀಗಾಯ್ತು ಅನ್ನೋದು ಸುಳ್ಳು. ಆ ತಾಯಿಯನ್ನ ದಯವಿಟ್ಟು ಬಿಟ್ಟುಬಿಡಿ.

ಆಪರೇಷನ್ ಬೇಕಾದ ಮಕ್ಕಳಿಗೆ ಸಾಮಾನ್ಯವಾಗಿ 6ರಿಂದ 18 ತಿಂಗಳ ವಯಸ್ಸಲ್ಲಿ ಮಾಡ್ತಾರೆ. ಅದಕ್ಕೂ ಮುಂಚೆ ಕೆಲವರಿಗೆ ಟೆಸ್ಟೋಸ್ಟೆರಾನ್ ಕೊಡ್ತಾರೆ. 'ಹಾಲು ಕುಡಿಯೋ ಮಗುವಿಗೆ ಗಂಡಸರ ಹಾರ್ಮೋನಾ?' ಅಂತ ಗಾಬರಿ ಆಗೋದು ಸಹಜ. ಆದ್ರೆ ಹುಟ್ಟಿದ ಮೊದಲ ಕೆಲವು ತಿಂಗಳು ಗಂಡು ಮಗುವಿನ ದೇಹವೇ ಈ ಹಾರ್ಮೋನನ್ನ ಹೆಚ್ಚು ತಯಾರಿಸುತ್ತೆ.

ಹಾಗಾದ್ರೆ ಹೊರಗಿಂದ ಕೊಡೋದು ಯಾಕೆ? ಟೈಲರ್ ಹತ್ರ ಬಟ್ಟೆ ಕಮ್ಮಿ ಇದ್ರೆ ಹೊಲಿಗೆ ಬಿಗಿಯಾಗಿ ಬಿಟ್ಟುಕೊಳ್ಳುತ್ತೆ ಅಲ್ವಾ? ಇಲ್ಲೂ ಹಾಗೇ. ಅಂಗ ತೀರಾ ಚಿಕ್ಕದಿದ್ರೆ ಹೊಸ ಮೂತ್ರನಾಳ ಕಟ್ಟೋಕೆ ಸರ್ಜನ್‌ಗೆ ಚರ್ಮ, ಜಾಗ ಸಾಲೋದಿಲ್ಲ. ಹಾರ್ಮೋನ್ ಅಂಗದ ಗಾತ್ರ ಮತ್ತು ರಕ್ತ ಸಂಚಾರ ಹೆಚ್ಚಿಸುತ್ತೆ. ರಂಧ್ರವನ್ನ ಮಾತ್ರ ಅದು ಸರಿಮಾಡಲ್ಲ, ಅದು ಆಪರೇಷನ್ ಕೆಲಸ.

ಸಾಮಾನ್ಯವಾಗಿ ತಿಂಗಳಿಗೊಂದರಂತೆ ಎರಡು ಮೂರು ಇಂಜೆಕ್ಷನ್ ಕೊಡ್ತಾರೆ, ಇಲ್ಲಾ ಕ್ರೀಮ್ ಹಚ್ಚೋಕೆ ಹೇಳ್ತಾರೆ. ಕ್ರೀಮ್ ಆದ್ರೆ ಗ್ಲೌಸ್ ಹಾಕಿಕೊಳ್ಳಿ. ಗರ್ಭಿಣಿಯರ ಮೈಗೆ ತಾಗಲೇಬಾರದು. ಮಗುವಿಗೆ ಅಲ್ಲಿ ಸಣ್ಣ ಕೂದಲು ಬರಬಹುದು, ಚರ್ಮ ಕಪ್ಪಾಗಬಹುದು, ಆಗಾಗ ಅಂಗ ನಿಮಿರಬಹುದು. ಔಷಧ ನಿಲ್ಲಿಸಿದ ಮೇಲೆ ಇವು ಹೆಚ್ಚಾಗಿ ತಗ್ಗುತ್ತವೆ.

ಇನ್ನೊಂದು ಮುಖ್ಯ ವಿಷಯ: ಇದು ಎಲ್ಲ ಮಕ್ಕಳಿಗೂ ಬೇಕಿಲ್ಲ. ಗಾತ್ರ ಹೆಚ್ಚೋದು ನಿಜ, ಆದ್ರೆ ಆಪರೇಷನ್ ನಂತರದ ತೊಂದರೆ ಕಮ್ಮಿ ಆಗುತ್ತಾ ಅನ್ನೋದ್ರಲ್ಲಿ ವೈದ್ಯರಲ್ಲೇ ಒಮ್ಮತ ಇಲ್ಲ. ಅದಕ್ಕೇ ನೇರವಾಗಿ ಕೇಳಿ: ನಮ್ಮ ಮಗುವಿಗೆ ಯಾಕೆ ಬೇಕು? ಎಷ್ಟು ಡೋಸ್? ಕೊನೆ ಡೋಸ್ ಆಗಿ ಎಷ್ಟು ದಿನಕ್ಕೆ ಆಪರೇಷನ್?

ಮೂರು ಎಚ್ಚರಿಕೆ. ವೃಷಣ ಕೈಗೆ ಸಿಗದಿದ್ರೆ ಹಾರ್ಮೋನ್ ಮತ್ತು ಕ್ರೋಮೋಸೋಮ್ ಪರೀಕ್ಷೆ ಮೊದಲು ಆಗಲಿ. ಸುನ್ನತಿ ಪದ್ಧತಿ ಇರೋ ಮನೆಯವರು ಸರ್ಜನ್ ನೋಡೋ ತನಕ ತಡೆಯಿರಿ, ಆ ಮುಂದೊಗಲೇ ಆಪರೇಷನ್‌ಗೆ ಬೇಕಾಗಬಹುದು. ಮೆಡಿಕಲ್ ಶಾಪ್‌ನಿಂದ ನೀವೇ ಹಾರ್ಮೋನ್ ತಂದು ಕೊಡಬೇಡಿ.

ಪರಿಚಯದವರ ಮನೆಯಲ್ಲಿ ಇಂಥ ಮಗು ಇದ್ರೆ ಈ ಎಪಿಸೋಡ್ ಅವರಿಗೊಬ್ಬರಿಗೇ ಕಳಿಸಿ, ಫ್ಯಾಮಿಲಿ ಗ್ರೂಪಿಗೆ ಬೇಡ. ದೊಡ್ಡವನಾದ ಮೇಲೆ ಯಾರಿಗೆ ಹೇಳಬೇಕು ಅನ್ನೋದು ಆ ಹುಡುಗನ ಹಕ್ಕು. ಮುಂದಿನ ವಾರ ಸಿಗೋಣ.