ಮಗುವಿನ ಎದೆ ಡವಡವ ಎನ್ನುವಾಗ ಬುದ್ಧಿಮಾತು ಬೇಡ



"ಡಾಕ್ಟ್ರೇ, ಯೂನಿಟ್ ಟೆಸ್ಟ್ ಬಂತೆಂದರೆ ನಮ್ಮ ಹುಡುಗನಿಗೆ ಎದೆ ಡವಡವ ಅನ್ನುತ್ತಂತೆ. ಹಾರ್ಟ್‌ಗೆ ಏನಾದರೂ ಆಗಿದೆಯಾ?" ಚಿಕ್ಕ ಮಕ್ಕಳ ತಂದೆತಾಯಂದಿರು ಹೃದ್ರೋಗ ವೈದ್ಯರನ್ನು ಕೇಳುವ ಪ್ರಶ್ನೆ ಇದು. ಇಂಥ ಹೆಚ್ಚಿನ ಮಕ್ಕಳ ಹೃದಯ ಚೆನ್ನಾಗಿಯೇ ಇರುತ್ತದೆ. ಎದೆಯಲ್ಲಿ ಬಡಿಯುತ್ತಿರುವುದು ಹೆದರಿಕೆ.

ಹೆದರಿಕೆ, ಸಿಟ್ಟು, ಅವಮಾನ ಇವು ಮನಸ್ಸಿನಲ್ಲಷ್ಟೇ ನಡೆಯುವುದಿಲ್ಲ. ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಬಿಡುತ್ತವೆ. ಹೃದಯ ಜೋರಾಗಿ ಬಡಿಯುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆ ಕಿವುಚುತ್ತದೆ. ಸೋಮವಾರ ಬೆಳಿಗ್ಗೆಯ ಹೊಟ್ಟೆನೋವು ಎಷ್ಟೋ ಸಲ ನಾಟಕವಲ್ಲ, ನಿಜವಾದ ನೋವು. ಇನ್ನು, ಆವೇಗಕ್ಕೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ಹಾಗಾಗಿ ಎರಡನೇ ಕ್ಲಾಸಿನ ಮಗು ಕಿರುಚುತ್ತಿರುವಾಗ ನಮ್ಮ ಉಪದೇಶ ಅದರ ತಲೆಗೆ ಹೋಗುವುದಿಲ್ಲ. ಮೊದಲು ದೇಹ ತಣ್ಣಗಾಗಲಿ, ಮಾತು ಆಮೇಲೆ.

*1. ಬಿಸಿ ಹಾಲು ಆರಿಸುವ ಉಸಿರು*
ಮೂಗಿನಿಂದ ಮೂರು ಎಣಿಸುವಷ್ಟು ಉಸಿರು ಎಳೆದು, ಲೋಟದ ಬಿಸಿ ಹಾಲು ಆರಿಸುವಂತೆ ಐದು ಎಣಿಸುವವರೆಗೆ ಮೆಲ್ಲಗೆ ಊದಲಿ. ಐದಾರು ಸಲ ಸಾಕು. ಉಸಿರು ಬಿಡುವಾಗ ವೇಗಸ್ ನರ ಹೃದಯದ ಬಡಿತವನ್ನು ನಿಧಾನ ಮಾಡುತ್ತದೆ. ಮಗು ಖುಷಿಯಾಗಿದ್ದಾಗಲೇ ಇದನ್ನು ಆಟದಂತೆ ಕಲಿಸಿ. ಅಳುತ್ತಿರುವಾಗ ಹೊಸದಾಗಿ ಕಲಿಸಲು ಆಗದು.

*2. ಒಳಗಿನದಕ್ಕೆ ಹೆಸರು ಕೊಡಿ*
ಹೊರನಾಡಿನ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷ್, ಆಟದಲ್ಲಿ ಹಿಂದಿಯೋ ಮರಾಠಿಯೋ ತೆಲುಗೋ, ಮನೆಯಲ್ಲಿ ಕನ್ನಡ. ಮೂರು ಭಾಷೆ ಬಂದರೂ ಎಷ್ಟೋ ಮಕ್ಕಳು ಒಳಗಿನದನ್ನು ಹೇಳಲು 'ಬೋರ್', 'ಆಂಗ್ರಿ' ಎರಡರಲ್ಲೇ ಮುಗಿಸುತ್ತಾರೆ. ಮನೆಮಾತಿನಲ್ಲಿ ಬೇಜಾರು, ಮುನಿಸು, ಅಳುಕು, ನಾಚಿಕೆ, ಹೊಟ್ಟೆಕಿಚ್ಚು ಎಲ್ಲವೂ ಬೇರೆ ಬೇರೆ. "ಆಟಕ್ಕೆ ಸೇರಿಸಿಕೊಳ್ಳಲಿಲ್ಲ ಅಂತ ಬೇಜಾರಾಯ್ತಾ, ಪುಟ್ಟಾ?" ಎಂದು ಕೇಳಿ. "ಇಲ್ಲಮ್ಮ, ಎಲ್ಲರೂ ನಕ್ಕರು, ನಾಚಿಕೆ ಆಯ್ತು" ಎಂದು ಮಗುವೇ ತಿದ್ದಿದರೆ ಅರ್ಧ ಕೆಲಸ ಮುಗಿಯಿತು.

*3. ಸಿಟ್ಟು ತಪ್ಪಲ್ಲ, ಹೊಡೆಯುವುದು ತಪ್ಪು*
"ಸಿಟ್ಟು ಬಂದಿದೆ, ಗೊತ್ತಾಗುತ್ತೆ. ಆದರೆ ತಂಗಿಗೆ ಹೊಡೆಯೋ ಹಾಗಿಲ್ಲ." ಇಷ್ಟು ಚಿಕ್ಕ ಮಾತು, ದನಿ ಏರಿಸದೆ. "ಗಂಡುಮಗು ಅಳ್ತಾರೇನೋ", "ಪಕ್ಕದ ಮನೆಯವರು ಕೇಳಿಸ್ಕೋತಾರೆ" ಎಂದು ಬಾಯಿ ಮುಚ್ಚಿಸಿದರೆ ಮಗು ಕಲಿಯುವುದು ಬಚ್ಚಿಡುವುದನ್ನು ಮಾತ್ರ. ಅಳು ನಿಲ್ಲಿಸಲು ಪ್ರತಿ ಸಲ ಮೊಬೈಲ್ ಕೊಟ್ಟರೂ ಅಷ್ಟೇ, ತಾನಾಗಿ ಸಮಾಧಾನವಾಗುವುದು ಮಗುವಿಗೆ ಅಭ್ಯಾಸವಾಗುವುದಿಲ್ಲ.

*4. ಹಸಿವು, ನಿದ್ದೆ ನೋಡಿ*
6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಅಪ್ಪ ಆಫೀಸಿನಿಂದ ಬರುವುದೇ ರಾತ್ರಿ ಒಂಬತ್ತಕ್ಕೆ, ಸ್ಕೂಲ್ ಬಸ್ಸು ಬೆಳಿಗ್ಗೆ ಆರೂವರೆಗೆ ಎನ್ನುವ ಮನೆಗಳಲ್ಲಿ ಮೊದಲು ಕಡಿತವಾಗುವುದು ಮಗುವಿನ ನಿದ್ದೆಯೇ. ಸಂಜೆಯ ರಂಪದ ಬೇರು ಅಲ್ಲಿರಬಹುದು.

*ಯಾವಾಗ ವೈದ್ಯರ ಬಳಿ?*
ಓಡುವಾಗ, ಈಜುವಾಗ ಅಥವಾ ಬೆಚ್ಚಿಬಿದ್ದಾಗ ಮಗು ಎಚ್ಚರ ತಪ್ಪಿದರೆ, ಸುಮ್ಮನೆ ಕೂತಿದ್ದಾಗಲೇ ಎದೆಬಡಿತ ಇದ್ದಕ್ಕಿದ್ದಂತೆ ಓಡತೊಡಗಿದರೆ, ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ, "ಹೆದರಿಕೆ ಅಷ್ಟೇ" ಎಂದು ಬಿಡಬೇಡಿ. ತಡಮಾಡದೆ ವೈದ್ಯರಿಗೆ ತೋರಿಸಿ, ಇಸಿಜಿ ಮಾಡಿಸಿ.

ವಾರಗಟ್ಟಲೆ ಶಾಲೆಗೆ ಹೋಗಲು ಒಲ್ಲೆ ಎಂದರೆ, ಊಟ ನಿದ್ದೆ ಬಿಟ್ಟರೆ ಮಕ್ಕಳ ವೈದ್ಯರನ್ನು ಕಾಣಿ. ಸಾಯುವ ಮಾತಾಡಿದರೆ ಅದೇ ದಿನ ಕಾಣಿ, ಮಗುವನ್ನು ಒಂಟಿಯಾಗಿ ಬಿಡಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ.

ಕೊನೆಯದಾಗಿ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ನಾವು ಏನು ಮಾಡುತ್ತೇವೆ ಎಂಬುದನ್ನು ಹಿಂದಿನ ಸೀಟಿನಿಂದ ಮಗು ನೋಡುತ್ತಿರುತ್ತದೆ. ಹಾಲು ಆರಿಸುವ ಉಸಿರನ್ನು ಅಲ್ಲಿ ನಾವೂ ಒಮ್ಮೆ ಊದೋಣ. ನಮ್ಮ ಹೃದಯಕ್ಕೂ ಒಳ್ಳೆಯದು.