ಯಾವಾಗ ಬಂದದ್ದು, ಯಾವಾಗ ಹೋಗುವುದು?

ಗಲ್ಫಿನಿಂದ ರಜೆಯಲ್ಲಿ ಬಂದವನಿಗೆ ನಮ್ಮ ಊರಿನಲ್ಲಿ ಎರಡು ಪ್ರಶ್ನೆ ಖಾಯಂ. ‘ಯಾವಾಗ ಬಂದದ್ದು?’ ಎಂಬುದು ಮೊದಲನೆಯದು. ಅದಕ್ಕೆ ಉತ್ತರ ಮುಗಿಯುವ ಮೊದಲೇ ಎರಡನೆಯದು ಬರುತ್ತದೆ, ‘ಯಾವಾಗ ಹೋಗುವುದು?’ ಮಸೀದಿಯ ಮೆಟ್ಟಿಲಲ್ಲಿ, ಮೀನು ಮಾರ್ಕೆಟಿನಲ್ಲಿ, ಮದುವೆ ಹಾಲ್‌ನಲ್ಲಿ, ಸಿಟಿ ಬಸ್ಸಿನ ಹಿಂದಿನ ಸೀಟಿನಲ್ಲಿ, ಎಲ್ಲಿ ಸಿಕ್ಕಿದರೂ ಇದೇ ಎರಡು. ಕೇಳುವವರಲ್ಲಿ ಕೆಟ್ಟ ಮನಸ್ಸು ಇಲ್ಲ. ಅದು ನಮ್ಮವರು ಕುಶಲ ವಿಚಾರಿಸುವ ಕ್ರಮ. ಆದರೆ ಎರಡು ವರ್ಷ ಕ್ಯಾಲೆಂಡರಿನಲ್ಲಿ ಗೀಟು ಹಾಕಿ ಹಾಕಿ ಬಂದವನಿಗೆ, ಬಂದ ಮರುದಿನವೇ ಹೋಗುವ ತಾರೀಕು ಹೇಳಬೇಕಾಗುವುದು ಎಂತಹ ಸಂಕಟ ಎಂದು ಅವನಿಗೇ ಗೊತ್ತು.

ನಮ್ಮಲ್ಲಿ ಗಲ್ಫಿಗೆ ಒಬ್ಬರಾದರೂ ಹೋಗದ ಮನೆ ಹುಡುಕಿದರೆ ಸಿಗುವುದು ಕಷ್ಟ. ಉಳ್ಳಾಲ, ಬಂದರ್, ಕೃಷ್ಣಾಪುರ, ಫರಂಗಿಪೇಟೆ, ಪಾಣೆಮಂಗಳೂರು, ಉಪ್ಪಿನಂಗಡಿ, ಕಾಪು, ಎಲ್ಲಿಗೆ ಹೋದರೂ ಅಷ್ಟೇ. ದುಡಿದು ಕಳಿಸಿದ ಹಣದ ಕಥೆ ನಾವು ಬಹಳ ಕೇಳಿದ್ದೇವೆ. ತಂಗಿಯಂದಿರ ಮದುವೆ, ಹಂಚಿನ ಮನೆ ಹೋಗಿ ತಾರಸಿ ಮನೆ ಬಂದದ್ದು, ಮಕ್ಕಳ ಇಂಜಿನಿಯರಿಂಗ್ ಸೀಟು. ಅವರು ಅಲ್ಲಿ ಕೂತು ಊರನ್ನು ಹೇಗೆ ನೆನಪಿಸಿಕೊಂಡರು ಎಂಬ ಕಥೆ ಮಾತ್ರ ಅಷ್ಟಾಗಿ ಹೊರಗೆ ಬಂದಿಲ್ಲ.

ಹೋದ ದಾರಿ

ಊರು ಬಿಡುವುದು ಬ್ಯಾರಿಗಳಿಗೆ ಹೊಸತಲ್ಲ. ವ್ಯಾಪಾರಕ್ಕೆಂದು ಘಟ್ಟ ಹತ್ತಿ ಚಿಕ್ಕಮಗಳೂರು, ಕೊಡಗಿನ ಕಡೆ ಹೋಗಿ ನಿಂತವರುಂಟು. ಮುಂಬಯಿಗೆ ಹೋದವರಂತೂ ಲೆಕ್ಕವಿಲ್ಲ. 1973ರಲ್ಲಿ ಎಣ್ಣೆಯ ಬೆಲೆ ಏರಿ ಅರಬ್ ನಾಡುಗಳಲ್ಲಿ ರಸ್ತೆ, ಬಂದರು, ಕಟ್ಟಡಗಳ ಕೆಲಸ ಜೋರಾಗಿ ಎದ್ದಾಗ ಆ ಮುಂಬಯಿಯೇ ನಮ್ಮವರಿಗೆ ಬಾಗಿಲಾಯಿತು. ಆಗ ಕೊಂಕಣ ರೈಲು ಇರಲಿಲ್ಲ, ಅದು ಪೂರ್ತಿಯಾಗಿ ಓಡಲು ಸುರುವಾದದ್ದು 1998ರಲ್ಲಿ. ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಕೂತು ಮುಂಬಯಿ ಸೇರಿ, ಊರಿನವರ ಕೋಣೆಯಲ್ಲಿ ಚಾಪೆಗೆ ಜಾಗ ಕೇಳಿ, ವೀಸಾಕ್ಕೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯುವುದು. ಅಲ್ಲಿಂದ ವಿಮಾನ, ಇಲ್ಲವೇ ಹಡಗು. ಮುಂಬಯಿಯಿಂದ ಕರಾಚಿ ಮಾರ್ಗವಾಗಿ ಗಲ್ಫಿನ ಬಂದರುಗಳಿಗೆ ಓಡುತ್ತಿದ್ದ ‘ದ್ವಾರಕಾ’ ಹಡಗು 1982ರಲ್ಲಿ ನಿಂತಿತು.

ಮಂಗಳೂರಿನಿಂದ ನೇರ ದುಬೈಗೆ ವಿಮಾನ ಬಂದದ್ದು 2006ರಲ್ಲಿ. ಈಗಿನ ಹುಡುಗರಿಗೆ ಬಜ್ಪೆಯಿಂದ ಹತ್ತಿದರೆ ಮೂರೂವರೆ, ನಾಲ್ಕು ಗಂಟೆಯಲ್ಲಿ ದುಬೈ. ಹಿಂದಿನವರಿಗೆ ಮನೆಯ ಗೇಟು ದಾಟಿದ ಮೇಲೆ ಮರಳುಗಾಡು ಕಾಣುವವರೆಗೆ ದಾರಿಯೇ ಒಂದು ಪರದೇಶ.

ಕಾಗದ, ಕ್ಯಾಸೆಟ್, ಮಿಸ್ಡ್ ಕಾಲ್

ಅಲ್ಲಿಂದ ಹೊರಟ ಕಾಗದ ಇಲ್ಲಿ ತಲುಪಲು ಎರಡು ವಾರ. ಉತ್ತರ ಹೋಗಲು ಇನ್ನೆರಡು ವಾರ. ಮಗುವಿಗೆ ಜ್ವರ ಎಂದು ಬರೆದದ್ದು ಅವನ ಕೈ ಸೇರುವಾಗ ಮಗು ಗುಣವಾಗಿ ಅಂಗಳದಲ್ಲಿ ಓಡಾಡುತ್ತಿರುತ್ತಿತ್ತು, ಅವನು ಮಾತ್ರ ಅಲ್ಲಿ ಆ ದಿನದಿಂದ ನಿದ್ದೆ ಬಿಡಲು ಸುರು ಮಾಡುತ್ತಿದ್ದ. ಓದು ಬರಹ ಬಾರದ ಉಮ್ಮಂದಿರಿಗೆ ಕಾಗದ ಓದಿ ಹೇಳುತ್ತಿದ್ದದ್ದು ಶಾಲೆಗೆ ಹೋಗುವ ಮಕ್ಕಳು, ಅಥವಾ ನೆರೆಮನೆಯವರು. ಗಂಡ ಹೆಂಡತಿಗೆ ಬರೆದದ್ದನ್ನೂ ಮೂರನೆಯವರೇ ಓದಬೇಕು. ಹಾಗಾಗಿ ಕಾಗದದಲ್ಲಿ ಸಲಾಂ ಜಾಸ್ತಿ, ಮನಸ್ಸಿನ ಮಾತು ಕಡಿಮೆ. ‘ನಾನು ಇಲ್ಲಿ ಆರಾಮ, ನೀವೂ ಅಲ್ಲಿ ಆರಾಮ ಎಂದು ನಂಬಿದ್ದೇನೆ’ ಎಂಬ ಸಾಲಿನ ಅಡಿಯಲ್ಲಿ ಎಷ್ಟು ಮುಚ್ಚಿಟ್ಟದ್ದು ಇತ್ತೋ!

ಆಮೇಲೆ ಟೇಪ್ ರೆಕಾರ್ಡರ್ ಬಂತು. ಊರಿಗೆ ಹೊರಟವರ ಕೈಯಲ್ಲಿ ಕ್ಯಾಸೆಟ್ ಕೊಟ್ಟು ಕಳಿಸುವ ಕ್ರಮ ಆಯಿತು. ಇಲ್ಲಿ ಮನೆಯವರೆಲ್ಲ ಸುತ್ತ ಕೂತು ಕೇಳುವುದು. ಅವನು ನಗುವಲ್ಲಿ ಇವರೂ ನಗುವುದು, ಅವನು ಮಾತು ನಿಲ್ಲಿಸಿದಲ್ಲಿ ಉಮ್ಮ ಸೆರಗು ಕಣ್ಣಿಗೆ ಒತ್ತುವುದು. ಕ್ಯಾಸೆಟ್ಟಿನ ಇನ್ನೊಂದು ಬದಿಯಲ್ಲಿ ಇಲ್ಲಿಯವರು ಮಾತು ತುಂಬಿಸಿ ಕಳಿಸುತ್ತಿದ್ದರು. ಹಿಂದೆ ಕೋಳಿ ಕೂಗಿದ್ದು, ದೂರದ ಬಾಂಗ್, ಮಳೆಯ ಸದ್ದು, ಕೊಡಪಾನ ಇಟ್ಟ ಶಬ್ದ ಎಲ್ಲ ಅದರಲ್ಲಿ ಸೇರಿಬಿಡುತ್ತಿತ್ತು. ಆಡಿದ ಮಾತಿಗಿಂತ ಆ ಸದ್ದುಗಳೇ ಕೇಳುವವನನ್ನು ಹೆಚ್ಚು ಅಳಿಸುತ್ತಿದ್ದವು.

ಎಸ್‌ಟಿಡಿ ಬೂತಿನ ಕಾಲದಲ್ಲಿ ಮನೆಯವರೆಲ್ಲ ಬೂತಿನ ಬೆಂಚಿನ ಮೇಲೆ ಫೋನಿಗೆ ಕಾದು ಕೂರುತ್ತಿದ್ದರು. ಮೊಬೈಲ್ ಬಂದ ಸುರುವಿಗೆ ಮಿಸ್ಡ್ ಕಾಲ್ ಒಂದು ಭಾಷೆಯೇ ಆಯಿತು. ಒಂದು ರಿಂಗ್ ಆದರೆ ಹೀಗೆ, ಎರಡು ಆದರೆ ಹಾಗೆ. ಸೌದಿಯಲ್ಲಿ ಇಂಟರ್‌ನೆಟ್ ಕರೆಗಳ ಮೇಲಿದ್ದ ತಡೆ ತೆಗೆದದ್ದು 2017ರಲ್ಲಿ. ಈಗ ವಿಡಿಯೊದಲ್ಲಿ ಮುಖ ದಿನಾ ಕಾಣುತ್ತದೆ. ಆದರೂ ಮನೆಯ ಗೋಡೆ ಗಡಿಯಾರ ನೋಡುವಾಗ ಉಮ್ಮನ ಲೆಕ್ಕ ಇನ್ನೂ ಎರಡು. ದುಬೈಯಲ್ಲಿ ಮಗ ಇದ್ದರೆ ಒಂದೂವರೆ ಗಂಟೆ ಕಳೆಯುವುದು, ಸೌದಿಯಲ್ಲಿ ಇದ್ದರೆ ಎರಡೂವರೆ. ‘ಅವನಿಗೆ ಈಗ ಊಟದ ಹೊತ್ತು’ ಎಂದು ಹೇಳಲು ಅವರಿಗೆ ಫೋನು ಬೇಡ.

ಎರಡು ಪೆಟ್ಟಿಗೆ

ಗಲ್ಫಿನಿಂದ ಬರುವ ಪೆಟ್ಟಿಗೆ ಎಲ್ಲರಿಗೂ ಗೊತ್ತು. ನೈಲಾನ್ ಹಗ್ಗ ಬಿಗಿದು, ನಾಲ್ಕೂ ಬದಿಗೆ ಮಾರ್ಕರಿನಲ್ಲಿ ದಪ್ಪಕ್ಕೆ ಹೆಸರು ಬರೆದ ರಟ್ಟಿನ ಪೆಟ್ಟಿಗೆ. ಅದನ್ನು ಬಿಚ್ಚುವ ದಿನ ಮನೆ ತುಂಬ ಜನ. ನಿಡೋ, ಟ್ಯಾಂಗ್, ಕೊಡಲಿ ಚಿತ್ರದ ಎಣ್ಣೆ ಬಾಟ್ಲಿ, ಅತ್ತರು, ಟಾರ್ಚು, ಕಂಬಳಿ, ಖರ್ಜೂರ. ಯಾರಿಗೆ ಏನು ಎಂದು ಮೊದಲೇ ಚೀಟಿ ಮಾಡಿ ತಂದಿದ್ದರೂ ಒಬ್ಬರಿಗೆ ಕಡಿಮೆ ಬಿದ್ದೇ ಬೀಳುತ್ತಿತ್ತು. ತನಗೆಂದು ಇಟ್ಟುಕೊಂಡ ಅಂಗಿಯನ್ನು ಅವನು ಆಗ ತೆಗೆದು ಕೊಡುವುದು.

ಊರಿನಿಂದ ಹೋಗುವ ಪೆಟ್ಟಿಗೆಗೆ ಇಷ್ಟು ಗೌಜಿ ಇಲ್ಲ. ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ, ಒಣಮೀನು, ಕುಚ್ಚಲಕ್ಕಿ, ಮನೆಯ ತೆಂಗಿನೆಣ್ಣೆ, ಹುರಿದು ಪುಡಿ ಮಾಡಿದ ಮೆಣಸು. ಮೇಲೆ ಬಟ್ಟೆಯಲ್ಲಿ ಸುತ್ತಿದ ಪತ್ತಿರ್, ಡಬ್ಬಿಯಲ್ಲಿ ಬತ್ತಿಸಿದ ಕೋಳಿ. ತೂಕ ಜಾಸ್ತಿಯಾದರೆ ಬಟ್ಟೆ ತೆಗೆಯುತ್ತಾರೆ, ಹಪ್ಪಳ ತೆಗೆಯುವುದಿಲ್ಲ. ಆ ರಾತ್ರಿ ರೂಮಿನಲ್ಲಿ ಹತ್ತು ಜನ ಇದ್ದರೆ ಹತ್ತು ಜನಕ್ಕೂ ಪತ್ತಿರ್. ಪುತ್ತೂರಿನವನ ಉಮ್ಮ ಮಾಡಿದ್ದನ್ನು ಸುರತ್ಕಲ್‌ನವನು ತಿಂದು, ನಮ್ಮ ಮನೆಯಲ್ಲಿ ಇದಕ್ಕಿಂತ ತೆಳು ಮಾಡುತ್ತಾರೆ ಎಂದು ವಾದ ಹಾಕುವುದು. ಬೇಸರ ಕಳೆಯಲು ಅವರಿಗೆ ಅಂಥ ವಾದಗಳೇ ಮದ್ದು. ಈಗ ಇವೆಲ್ಲ ಅಲ್ಲಿಯ ಸೂಪರ್ ಮಾರ್ಕೆಟಿನಲ್ಲಿ ಸಿಗುತ್ತದೆ ಎನ್ನುವವರಿದ್ದಾರೆ. ಸಿಗುತ್ತದೆ, ಸುಳ್ಳಲ್ಲ. ಆದರೆ ಅದನ್ನು ಕಟ್ಟಿದ ಕೈ ಯಾರದ್ದೆಂದು ಗೊತ್ತಿರುವುದಿಲ್ಲ.

ಮಳೆ ಬಂತಾ?

ಜೂನ್ ತಿಂಗಳಲ್ಲಿ ಅಲ್ಲಿಂದ ಬರುವ ಫೋನಿನಲ್ಲಿ ಮೊದಲ ಮಾತು ‘ಮಳೆ ಬಂತಾ?’ ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ದುಬೈಯ ಸರಾಸರಿ 100 ಮಿಲಿಮೀಟರಿನ ಒಳಗೆ. ನಮ್ಮಲ್ಲಿ ಎರಡು ಮೂರು ದಿನ ಗಟ್ಟಿ ಹೊಯ್ದರೆ ಅವರ ಒಂದು ವರ್ಷದ ಮಳೆ ಮುಗಿಯಿತು. ನಾವು ಒಗೆದ ಬಟ್ಟೆ ಒಣಗುವುದಿಲ್ಲ ಎಂದು ಗೊಣಗುವ ಹೊತ್ತಿಗೆ ಅವರು 45 ಡಿಗ್ರಿ ಬಿಸಿಲಿನಲ್ಲಿ ಫೋನು ಕಿವಿಗೆ ಒತ್ತಿ, ‘ಸ್ವಲ್ಪ ಹೊರಗೆ ಹಿಡಿ, ಸದ್ದು ಕೇಳಲಿ’ ಎನ್ನುತ್ತಾರೆ.

ಆ ಆಸೆಗೇ ಹಲವರು ಒಮಾನಿನ ಸಲಾಲಕ್ಕೆ ಹೋಗುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮುಂಗಾರಿನ ತುಂತುರು, ಮಂಜು, ಹಸಿರು ಗುಡ್ಡ. ರಸ್ತೆ ಬದಿ ಬೊಂಡ, ಬಾಳೆಹಣ್ಣು ಮಾರುತ್ತಾರೆ. ಸಾವಿರ ಕಿಲೋಮೀಟರು ಕಾರು ಓಡಿಸಿ ಹೋಗಿ, ತೆಂಗಿನ ಮರದ ಅಡಿಯಲ್ಲಿ ನಿಂತು ಊರಿಗೆ ಫೋಟೊ ಕಳಿಸುತ್ತಾರೆ.

ಶಾರ್ಜಾದ ರೋಲಾದ ಹೆಸರು ಕೇಳದ ಬ್ಯಾರಿ ಇಲ್ಲ. ರಜೆಯ ಸಂಜೆ ಊರವರನ್ನು ಕಾಣಬೇಕಾದರೆ ಅಲ್ಲಿಗೆ ಹೋದರೆ ಸಾಕು. ರೋಲಾ ಎಂದರೆ ಅಲ್ಲಿಯವರ ಮಾತಿನಲ್ಲಿ ಆಲದ ಮರ. ಬಹಳ ಹಿಂದೆ ನೆಟ್ಟ ದೊಡ್ಡದೊಂದು ಆಲ ಅಲ್ಲಿತ್ತು, 1978ರಲ್ಲಿ ಬಿತ್ತು. ಈಗ ಇರುವುದು ಅದರ ನೆನಪಿನ ಸ್ಮಾರಕ. ಮರ ಇಲ್ಲದಿದ್ದರೂ ಅದರ ಹೆಸರಿನ ಅಡಿಯಲ್ಲಿ ನಮ್ಮವರು, ಮಲಯಾಳಿಗಳು, ಪಠಾಣರು, ಬಂಗಾಳಿಗಳು ಕೂಡಿ ಅವರವರ ಊರಿನ ಸುದ್ದಿ ಮಾತಾಡುತ್ತಾರೆ. ಮಲಯಾಳಿಗಳ ಜೊತೆ ಇದ್ದೂ ಇದ್ದೂ ಕೆಲವರ ಬ್ಯಾರಿ ಮಾತಿಗೆ ಅವರ ಒತ್ತು ಬಂದುಬಿಟ್ಟಿದೆ. ರಜೆಯಲ್ಲಿ ಬಂದಾಗ ಅದಕ್ಕೂ ಒಂದು ತಮಾಷೆ ತಪ್ಪಿದ್ದಲ್ಲ.

ಕಾಯುವ ಮನೆ

ಎಲ್ಲಕ್ಕಿಂತ ಕಷ್ಟ, ಮರಣದ ಸುದ್ದಿ. ನಮ್ಮಲ್ಲಿ ಮಯ್ಯಿತ್ ಇಟ್ಟು ಕಾಯುವ ಕ್ರಮ ಇಲ್ಲ, ಬೇಗ ದಫನ ಮಾಡಬೇಕು. ಬಾಪ ತೀರಿಕೊಂಡರು ಎಂದು ರಾತ್ರಿ ಫೋನು ಬಂದರೆ, ಪಾಸ್‌ಪೋರ್ಟ್ ಕಂಪೆನಿಯ ಕೈಯಲ್ಲಿ ಇರುವವನು ಯಾವ ವಿಮಾನ ಹಿಡಿಯುವುದು? ಅಲ್ಲಿಯೇ ಗೆಳೆಯರನ್ನು ಕೂಡಿಸಿ ಗಾಯಿಬ್ ಮಯ್ಯಿತ್ ನಮಾಝ್ ಮಾಡಿ, ಮರುದಿನ ಡ್ಯೂಟಿಗೆ ಹೋದವರು ನಮ್ಮಲ್ಲಿ ಎಷ್ಟೋ ಜನ. ವರ್ಷ ಕಳೆದು ಊರಿಗೆ ಬಂದಾಗ ಅವರು ಮನೆಗೆ ಹೋಗುವ ಮೊದಲು ಕಬರಿನ ಹತ್ತಿರ ಹೋಗುತ್ತಾರೆ. ಊರಿಗೆಲ್ಲ ಹಳೆಯದಾದ ಮರಣ ಅವರಿಗೆ ಅಂದೇ ಆದದ್ದು.

2010ರ ಮೇ 22ರ ಬೆಳಗ್ಗೆಯನ್ನು ಕರಾವಳಿ ಮರೆಯುವುದುಂಟಾ? ದುಬೈಯಿಂದ ಬಂದ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ 158 ಮಂದಿ ಹೋದರು, ಉಳಿದದ್ದು ಎಂಟು ಜನ. ಊರು ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದು ಮನೆ ಸೇರದೆ ಹೋದವರು ಅವರು. ಫಲ್ಗುಣಿ ನದಿಯ ದಂಡೆಯಲ್ಲಿ ಅವರ ಸ್ಮಾರಕ ಉಂಟು.

ಊರಿನಲ್ಲಿ ಉಳಿದವರ ನೆನಪೂ ಇದರ ಲೆಕ್ಕಕ್ಕೆ ಸೇರಬೇಕು. ಮದುವೆಯಾಗಿ ಎರಡು ತಿಂಗಳಿಗೆ ಗಂಡನನ್ನು ವಿಮಾನ ಹತ್ತಿಸಿ, ಎರಡು ವರ್ಷ ಅತ್ತೆಯ ಮನೆಯಲ್ಲಿ ಇದ್ದ ಹೆಣ್ಣುಮಕ್ಕಳು. ಮನೆ ಕಟ್ಟುವಾಗ ಮೇಸ್ತ್ರಿಯ ಜೊತೆ ಮಾತಾಡಿದ್ದು, ಬ್ಯಾಂಕಿಗೆ ಓಡಿದ್ದು, ಮಕ್ಕಳನ್ನು ರಾತ್ರಿ ಆಸ್ಪತ್ರೆಗೆ ಹೊತ್ತದ್ದು ಎಲ್ಲ ಅವರೇ. ರಜೆಯಲ್ಲಿ ಬಂದ ಬಾಪನನ್ನು ಕಂಡು ಮಗು ಉಮ್ಮನ ಹಿಂದೆ ಅಡಗುತ್ತಿತ್ತು. ಒಂದು ತಿಂಗಳು ಹಿಂದೆ ಮುಂದೆ ಸುತ್ತಿ ಅದು ಮಡಿಲಿಗೆ ಹತ್ತುವ ಹೊತ್ತಿಗೆ ಟಿಕೆಟಿನ ದಿನ ಬರುತ್ತಿತ್ತು.

ಬಂದ ಮೇಲೆ

ಈಗ ಹಲವರು ಪೂರ್ತಿಯಾಗಿ ಬಂದಿದ್ದಾರೆ. ಸೌದಿಯಲ್ಲಿ 2017ರ ಜುಲೈಯಿಂದ ಕುಟುಂಬದವರ ಮೇಲೆ ತಲಾ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು, ವರ್ಷವರ್ಷ ಏರಿ 2020ಕ್ಕೆ 400 ಆಯಿತು. ಹೆಂಡತಿ, ಮೂರು ಮಕ್ಕಳು ಇದ್ದರೆ ತಿಂಗಳಿಗೆ 1,600 ರಿಯಾಲ್. ಸಂಸಾರ ಊರಿಗೆ ಕಳಿಸಿ ಮತ್ತೆ ರೂಮಿನ ಬಂಕ್ ಮಂಚಕ್ಕೆ ಹೋದವರು ಬಹಳ. ಕೊರೋನಾ ಬಂದು, 2020ರ ಮೇಯಲ್ಲಿ ವಂದೇ ಭಾರತ್ ವಿಮಾನಗಳು ಓಡಿದಾಗ ಕೆಲಸ ಹೋದವರು ಬಂದರು.

ಬಂದವರಿಗೆ ಊರು ಸಿಕ್ಕಿತೇ ಎಂಬುದೇ ಈಗಿನ ಪ್ರಶ್ನೆ. ಅವರು ಮೂವತ್ತು ವರ್ಷ ನೆನಪಿನಲ್ಲಿ ಇಟ್ಟುಕೊಂಡ ಊರಿನಲ್ಲಿ ಗದ್ದೆ ಇತ್ತು, ಈಗ ಅಲ್ಲಿ ಲೇಔಟ್ ಆಗಿದೆ. ಜೊತೆಗೆ ಬೆಳೆದ ಗೆಳೆಯರಲ್ಲಿ ಅರ್ಧ ಇಲ್ಲ. ತಾವೇ ಹಣ ಕಳಿಸಿ ಕಟ್ಟಿಸಿದ ಮನೆಯಲ್ಲಿ ಯಾವ ಸ್ವಿಚ್ಚು ಯಾವ ದೀಪದ್ದು ಎಂದು ಗೊತ್ತಿಲ್ಲ. ಅವರು ಇಲ್ಲದೆಯೇ ಮನೆ ನಡೆದು ಅಭ್ಯಾಸವಾಗಿದೆ, ಏನಾದರೂ ಹೇಳಲು ಹೋದರೆ ‘ನಿಮಗೆ ಇಲ್ಲಿಯದ್ದು ಗೊತ್ತಾಗುವುದಿಲ್ಲ’ ಎಂಬ ಮಾತು. ಸಂಜೆ ಹೊತ್ತು ಸುಮ್ಮನೆ ಕೂತಾಗ ಅವರಿಗೆ ದೇರಾದ ಗಲ್ಲಿ, ಖಾಡಿ ದಾಟಿಸುವ ಒಂದು ದಿರ್ಹಮಿನ ಅಬ್ರಾ ದೋಣಿ, ರೂಮಿನ ಗೆಳೆಯರು ನೆನಪಾಗುತ್ತಾರೆ. ಅಲ್ಲಿದ್ದಾಗ ಇಲ್ಲಿಯ ಚಿಂತೆ, ಇಲ್ಲಿ ಬಂದ ಮೇಲೆ ಅಲ್ಲಿಯದ್ದು. ಹೇಳಿದರೆ ಯಾರಾದರೂ ನಕ್ಕಾರು ಎಂದು ಹೇಳುವುದಿಲ್ಲ.

ಅಲ್ಲಿಯೇ ಹುಟ್ಟಿ ಬೆಳೆದ ಮಕ್ಕಳ ಸಂಗತಿ ಇನ್ನೊಂದು. ಅವರಿಗೆ ಮನೆ ಎಂದರೆ ಶಾರ್ಜಾದ ಆರನೇ ಮಾಳಿಗೆಯ ಫ್ಲ್ಯಾಟು. ಆ ದೇಶಗಳು ಹುಟ್ಟಿದ ಮಾತ್ರಕ್ಕೆ ಪೌರತ್ವ ಕೊಡುವುದಿಲ್ಲ. ವೀಸಾ ಮುಗಿದ ದಿನ ಹುಟ್ಟಿದೂರು ಬಿಟ್ಟು, ರಜೆಯಲ್ಲಿ ಮಾತ್ರ ನೋಡಿದ ‘ಊರಿಗೆ’ ಬರಬೇಕು. ಕಾಲೇಜಿಗೆಂದು ದೇರಳಕಟ್ಟೆಗೆ ಬಂದ ಹುಡುಗಿ ರಾತ್ರಿ ಅಳುವುದು ಯಾವ ಊರಿಗಾಗಿ ಎಂದು ಅಜ್ಜಿಗೆ ಅರ್ಥವಾಗುವುದಿಲ್ಲ. ಅಜ್ಜಿ ಪತ್ತಿರ್ ಮಾಡಿ ಕೊಡುತ್ತಾರೆ, ಹುಡುಗಿಗೆ ಬೇಕಾದದ್ದು ರಸ್ತೆ ಬದಿಯ ಕರಕ್ ಚಾಯ.

ಇನ್ನೊಂದು ಪ್ರಶ್ನೆ

ಈ ಎಲ್ಲ ನೆನಪು ಈಗ ವಯಸ್ಸಾದವರ ತಲೆಯಲ್ಲಿ, ಕಪಾಟಿನ ಮೂಲೆಯ ಹಳೆಯ ಚೀಲಗಳಲ್ಲಿ ಉಂಟು. ಮನೆ ಸುಣ್ಣ ಬಣ್ಣ ಮಾಡುವಾಗ ಏರ್‌ಮೇಲ್ ಕಾಗದದ ಕಟ್ಟು ಸಿಕ್ಕಿದರೆ ಗುಜರಿಗೆ ಹಾಕಬೇಡಿ. ಕ್ಯಾಸೆಟ್ ಸಿಕ್ಕಿದರೆ ಟೇಪು ಅಂಟಿ ಹಾಳಾಗುವ ಮೊದಲು ಪೇಟೆಯಲ್ಲಿ ಕೊಟ್ಟು ಮೊಬೈಲಿಗೆ ಇಳಿಸಿಕೊಳ್ಳಿ. ಅದರಲ್ಲಿ ಈಗಿಲ್ಲದ ನಿಮ್ಮ ಅಜ್ಜಿಯ ಧ್ವನಿ ಇರಬಹುದು. ಆ ಕಾಲದ ಬ್ಯಾರಿ ಮಾತು ಹೇಗಿತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಬೇಕಾಗಿಲ್ಲ.

ಮುಂದಿನ ಸಲ ಗಲ್ಫಿನಿಂದ ಬಂದವರು ಸಿಕ್ಕಿದಾಗ ಆ ಎರಡು ಪ್ರಶ್ನೆ ಕೇಳಿ, ಅದು ನಮ್ಮ ಮರ್ಯಾದೆ. ಜೊತೆಗೆ ಒಂದು ಚಾ ತರಿಸಿ ಇನ್ನೊಂದೂ ಕೇಳಬಹುದು, ‘ಅಲ್ಲಿ ಹೇಗೆ ಇದ್ದದ್ದು ನೀವು?’ ಮೊದಲು ಅವರು ‘ಎಂತ ಇಲ್ಲ ಮಾರಾಯ, ಆರಾಮ’ ಎಂದೇ ಹೇಳಿಯಾರು. ಕಾಗದದಲ್ಲಿ ಬರೆದು ಬರೆದು ಅಭ್ಯಾಸವಾದ ಮಾತು ಅದು. ಅವಸರ ಮಾಡದೆ ಸ್ವಲ್ಪ ಹೊತ್ತು ಕೂತರೆ, ನಿಜವಾದದ್ದು ಆಮೇಲೆ ಬರುತ್ತದೆ.