ಬಿಡುವಿನ ಆಟಕ್ಕೂ ಒಂದು ನ್ಯಾಯ

ಪ್ರತಿ ವರ್ಷ ರಾಜ್ಯೋತ್ಸವದ ಅಂಗವಾಗಿ ನಮ್ಮ ಸಂಘದಲ್ಲಿ ಕ್ರೀಡಾಸ್ಪರ್ಧೆಗಳು ನಡೆಯುವುದು ಸದಸ್ಯರಿಗೆಲ್ಲ ತಿಳಿದ ವಿಷಯ. ಕೇರಂ, ಚದುರಂಗ, ನಿಂಬೆಹಣ್ಣು-ಚಮಚದ ಓಟ, ಮಹಿಳೆಯರ ಸಂಗೀತ ಕುರ್ಚಿ ಇವು ಮೊದಲಿನಿಂದಲೂ ಇದ್ದವು. ಮಕ್ಕಳ ಒತ್ತಾಯದಿಂದ ಕೆಲವು ವರ್ಷಗಳ ಹಿಂದೆ ವಿಡಿಯೋ ಗೇಮ್ ಪಂದ್ಯಾವಳಿಯೂ ಸೇರಿತು. ಹಿರಿಯರಲ್ಲಿ ಹಲವರಿಗೆ ಇದು ರುಚಿಸಲಿಲ್ಲ. ಆದರೂ ಎಂ.ವಿ.ಪಿ. ಕಾಲೊನಿಯಿಂದ, ಗಾಜುವಾಕದಿಂದ, ಉಕ್ಕುನಗರದಿಂದ ಬರುವ ಕನ್ನಡದ ಮಕ್ಕಳು ವರ್ಷಕ್ಕೊಮ್ಮೆ ಒಂದೆಡೆ ಕಲೆತು, ತೆಲುಗು ಬೆರೆತ ಕನ್ನಡದಲ್ಲಿ ಕೂಗಾಡುತ್ತ ಆಡುವುದನ್ನು ಕಂಡವರು ಬೇಡವೆನ್ನಲಾರದೆ ಹೋದರು.

ಎರಡು ವರ್ಷಗಳ ಹಿಂದೆ ಈ ಪಂದ್ಯಾವಳಿಗೆ ನನ್ನನ್ನು ತೀರ್ಪುಗಾರನನ್ನಾಗಿ ಮಾಡಲಾಯಿತು. ಬ್ಯಾಂಕಿನವನು, ಲೆಕ್ಕದಲ್ಲಿ ಕಟ್ಟುನಿಟ್ಟು ಎಂಬುದೊಂದೇ ನನ್ನ ಅರ್ಹತೆ. ತೆರೆಯ ಮೇಲೆ ಇಬ್ಬರು ಜಟ್ಟಿಗಳು ಕಾದಾಡುವ ಆಟವದು. ಪ್ರತಿಯೊಂದು ಪಾತ್ರಕ್ಕೂ ಒಂದೆರಡು ವಿಶೇಷ ಶಕ್ತಿಗಳಿರುತ್ತವೆ. ಹದಿನಾಲ್ಕು ವರ್ಷದ ಒಬ್ಬ ಹುಡುಗ ಆರಿಸಿಕೊಂಡ ಪಾತ್ರವು ದೂರದ ಮೂಲೆಯಲ್ಲಿ ನಿಂತು ಎಡೆಬಿಡದೆ ಬೆಂಕಿಯುಂಡೆಗಳನ್ನು ಎಸೆಯಬಲ್ಲದಾಗಿತ್ತು. ಎದುರಾಳಿಯಾದ ಎಂಟು ವರ್ಷದ ಬಾಲಕಿ ಒಂದು ಹೆಜ್ಜೆಯನ್ನೂ ಮುಂದಿಡಲಾಗದೆ ಅರ್ಧ ನಿಮಿಷದಲ್ಲಿ ಸೋತು, ಕಂಟ್ರೋಲರನ್ನು ಕೆಳಗಿಟ್ಟು, "ನನಗೆ ಆಡೋಕೇ ಬಿಡಲಿಲ್ಲ" ಎಂದು ಕಣ್ಣೊರೆಸಿಕೊಂಡು ಹೊರಟುಹೋದಳು.

ಎರಡನೆಯ ಸುತ್ತಿನಲ್ಲೂ ಹಾಗೆಯೇ ಆಯಿತು. ಪೋಷಕರ ಗೊಣಗಾಟ ಹೆಚ್ಚಿತು. ನಾನು ಎದ್ದುನಿಂತು, ಇನ್ನು ಮುಂದೆ ಆ ಶಕ್ತಿಯನ್ನು ಬಳಸಕೂಡದೆಂದು ಘೋಷಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ಸುತ್ತಿನಲ್ಲಿ ಹುಡುಗ ಸೋತ. ನನ್ನ ಬಳಿ ಬಂದು, "ಅಂಕಲ್, ಮೊದಲೇ ಹೇಳಿದ್ದರೆ ನಾನು ಬೇರೆ ಪಾತ್ರ ತಗೋತಿದ್ದೆ ಅಲ್ವಾ?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಸಾಲ ಕೊಟ್ಟಾದ ಮೇಲೆ ಬಡ್ಡಿಯ ದರವನ್ನು ಏರಿಸಿ, ಹಿಂದಿನ ತಾರೀಖಿನಿಂದಲೇ ವಸೂಲು ಮಾಡಿದಂತಹ ಕೆಲಸವನ್ನು ನಾನು ಮಾಡಿದ್ದೆ. ಮರುವರ್ಷ ಆ ಬಾಲಕಿಯೂ ಬರಲಿಲ್ಲ, ಆ ಹುಡುಗನೂ ಬರಲಿಲ್ಲ. ಈ ಲೇಖನಕ್ಕೆ ಅದೇ ಕಾರಣ.

ಹೊಸ ಆಟ, ಹಳೆಯ ಪ್ರಶ್ನೆ

ಮಿತಿಮೀರಿದ ಬಲವನ್ನು ಕಟ್ಟಿಹಾಕುವ ಪ್ರಶ್ನೆ ವಿಡಿಯೋ ಗೇಮಿನೊಡನೆ ಹುಟ್ಟಿದ್ದಲ್ಲ. ನಮ್ಮ ಅನೇಕ ಮನೆಗಳಲ್ಲಿ ಚೌಕಾಬಾರ ಆಡುವಾಗ, ಒಬ್ಬನಿಗೇ ಸತತವಾಗಿ ಮೂರು ಸಲ ಗರ ಬಿದ್ದರೆ ಅದು ಲೆಕ್ಕಕ್ಕಿಲ್ಲವೆಂಬ ಕಟ್ಟಳೆಯಿತ್ತು. ಉಳಿದವರು ಕೈಕಟ್ಟಿ ಕೂರಬಾರದೆಂಬುದೇ ಅದರ ತಿರುಳು.

ಕ್ರಿಕೆಟ್ಟಿನ ಇತಿಹಾಸವನ್ನು ನೋಡಿ. 1771ರಲ್ಲಿ ಇಂಗ್ಲೆಂಡಿನ ಪಂದ್ಯವೊಂದಕ್ಕೆ ಒಬ್ಬ ಆಟಗಾರ ವಿಕೆಟ್ಟಿನಷ್ಟೇ ಅಗಲವಾದ ಬ್ಯಾಟನ್ನು ಹಿಡಿದು ಬಂದ. ಚೆಂಡು ವಿಕೆಟ್ಟಿಗೆ ತಾಕುವುದೇ ಅಸಾಧ್ಯವಾಯಿತು. ಬ್ಯಾಟಿನ ಅಗಲ ನಾಲ್ಕೂಕಾಲು ಅಂಗುಲವನ್ನು ಮೀರಬಾರದೆಂಬ, ಇಂದಿಗೂ ಉಳಿದಿರುವ ಮಿತಿ ಬಂದದ್ದು ಆ ಪ್ರಸಂಗದಿಂದ. 1979ರ ಡಿಸೆಂಬರಿನಲ್ಲಿ ಪರ್ತ್‌ನಲ್ಲಿ ಡೆನಿಸ್ ಲಿಲ್ಲಿ ಅಲ್ಯೂಮಿನಿಯಂ ಬ್ಯಾಟನ್ನು ತಂದಾಗ, ಬ್ಯಾಟು ಮರದ್ದೇ ಆಗಿರಬೇಕೆಂಬ ನಿಯಮ ಬೆನ್ನಲ್ಲೇ ಬಂದಿತು.

ಬ್ಯಾಡ್ಮಿಂಟನ್ನಿನಲ್ಲಿ ಇನ್ನೂ ಸ್ಪಷ್ಟವಾದ ಉದಾಹರಣೆಗಳಿವೆ. ಮಲೇಷ್ಯದ ಸಿಡೆಕ್ ಸೋದರರು ಶಟಲಿನ ಗರಿಗಳಿಗೆ ರ‍್ಯಾಕೆಟ್ ತಾಗಿಸಿ ಮಾಡುತ್ತಿದ್ದ ಸರ್ವ್, ಗಾಳಿಯಲ್ಲಿ ಅಡ್ಡಾದಿಡ್ಡಿಯಾಗಿ ಓಲಾಡಿ ಬರುತ್ತಿತ್ತು. 1982ರಲ್ಲಿ ಅದನ್ನು ನಿಷೇಧಿಸಲಾಯಿತು. ನಾಲ್ಕು ದಶಕಗಳ ನಂತರ, 2023ರಲ್ಲಿ, ಬೆರಳುಗಳಿಂದ ಶಟಲನ್ನು ತಿರುಗಿಸಿ ಬಿಟ್ಟು ಹೊಡೆಯುವ ಇನ್ನೊಂದು ಸರ್ವ್ ಕಾಣಿಸಿಕೊಂಡಿತು. ನುರಿತ ಆಟಗಾರರಿಗೂ ಅದನ್ನು ಸರಿಯಾಗಿ ಹಿಂದಿರುಗಿಸುವುದು ಕಷ್ಟವಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ವಿಶ್ವ ಬ್ಯಾಡ್ಮಿಂಟನ್ ಒಕ್ಕೂಟ ಅದನ್ನು ತಡೆಹಿಡಿಯಿತು.

ಹಾಗಾದರೆ ಬಿರುಸಿನ ಸ್ಮ್ಯಾಶನ್ನು ಏಕೆ ನಿಷೇಧಿಸಲಿಲ್ಲ? ಇಲ್ಲಿಯೇ ವಿವೇಚನೆ ಬೇಕು. 1980ರಲ್ಲಿ ನಮ್ಮ ಪ್ರಕಾಶ್ ಪಡುಕೋಣೆಯವರು ಆಲ್ ಇಂಗ್ಲೆಂಡ್ ಅಂತಿಮ ಪಂದ್ಯದಲ್ಲಿ ಎದುರಿಸಿದ್ದು ಇಂಡೊನೇಷ್ಯದ ಲಿಯೆಮ್ ಸ್ವೀ ಕಿಂಗ್ ಅವರನ್ನು. ಕಿಂಗ್ ಅವರ ಜಿಗಿದು ಹೊಡೆಯುವ ಸ್ಮ್ಯಾಶ್ ಜಗತ್ಪ್ರಸಿದ್ಧವಾಗಿತ್ತು. ಪ್ರಕಾಶ್ ಬಲಕ್ಕೆ ಬಲವನ್ನೊಡ್ಡದೆ, ನಯವಾದ ಹೊಡೆತಗಳಿಂದಲೂ ಅಂಕಣದ ಮೇಲಿನ ಹಿಡಿತದಿಂದಲೂ ನೇರ ಆಟಗಳಲ್ಲಿ ಗೆದ್ದರು. ಸ್ಮ್ಯಾಶಿಗೆ ಉತ್ತರವಿದೆ, ಆ ಉತ್ತರವನ್ನು ಹುಡುಕುವುದೇ ಆಟ. ಉತ್ತರವೇ ಇಲ್ಲದ ಅಸ್ತ್ರವು ಆಟವನ್ನು ಆರಂಭವಾಗುವ ಮುನ್ನವೇ ಮುಗಿಸಿಬಿಡುತ್ತದೆ. ನಿಷೇಧಕ್ಕೆ ಅರ್ಹವಾದದ್ದು ಎರಡನೆಯದು ಮಾತ್ರ.

ವಿಡಿಯೋ ಗೇಮಿನವರು ಕಂಡುಕೊಂಡದ್ದು

ವಿಡಿಯೋ ಗೇಮ್ ಪಂದ್ಯಾವಳಿಗಳವರೂ ಈ ತೀರ್ಮಾನಕ್ಕೇ ಬಂದಿದ್ದಾರೆ. 1994ರಲ್ಲಿ ಬಂದ 'ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೊ' ಎಂಬ ಆಟದಲ್ಲಿ ಅಕುಮಾ ಎಂಬ ಗುಪ್ತ ಪಾತ್ರವಿತ್ತು. ನೆಗೆಯುತ್ತಲೇ ಮೇಲಿನಿಂದ ಓರೆಯಾಗಿ ಬೆಂಕಿಯುಂಡೆಯನ್ನು ಎಸೆಯುವ ಅದರ ಶಕ್ತಿಗೆ ಬಹುತೇಕ ಪಾತ್ರಗಳಲ್ಲಿ ತಕ್ಕ ಮದ್ದಿರಲಿಲ್ಲ. ಅನೇಕ ಪಂದ್ಯಾವಳಿಗಳು ಆ ಪಾತ್ರವನ್ನು ಹೊರಗಿಟ್ಟವು. ಜಪಾನಿನಲ್ಲಿ ಲಿಖಿತ ನಿಯಮಕ್ಕಿಂತ ಹೆಚ್ಚಾಗಿ ಆಟಗಾರರ ಪರಸ್ಪರ ಮರ್ಯಾದೆಯೇ ಅದನ್ನು ದೂರವಿಟ್ಟಿತು. 2008ರ 'ಸೂಪರ್ ಸ್ಮ್ಯಾಶ್ ಬ್ರದರ್ಸ್ ಬ್ರಾಲ್' ಎಂಬ ಆಟದ ಮೆಟಾ ನೈಟ್ ಎಂಬ ಪಾತ್ರದ ವಿಷಯದಲ್ಲಿ ವರ್ಷಗಟ್ಟಲೆ ವಾದವಿವಾದ ನಡೆದು, 2012ರಲ್ಲಿ ಅಮೆರಿಕದ ಆಟಗಾರರ ನಿಯಮ ಸಮಿತಿಯೊಂದು ಅದನ್ನು ನಿಷೇಧಿಸಿತು. ಎಲ್ಲರೂ ಒಪ್ಪಲಿಲ್ಲವೆಂಬುದೂ ನಿಜ. ಆತುರದ ತೀರ್ಪು ಸಲ್ಲದೆಂಬ ಎಚ್ಚರ ಅವರಲ್ಲಿತ್ತು, ನನ್ನಲ್ಲಿರಲಿಲ್ಲ.

ವಿಜಯವಾಡದ ಬಿಲ್ಲು ಕಲಿಸುವ ಪಾಠ

ನಿಷೇಧವೊಂದೇ ದಾರಿಯೇನಲ್ಲ. ನಾನು ಕೆಲವು ವರ್ಷ ವಿಜಯವಾಡದ ಶಾಖೆಯಲ್ಲಿದ್ದೆ. ಆ ಊರು ಬಿಲ್ಲುಗಾರಿಕೆಗೆ ಹೆಸರುವಾಸಿ. ಅಲ್ಲಿನ ಜ್ಯೋತಿ ಸುರೇಖಾ ವೆನ್ನಮ್ ಅವರು 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಮೂರು ಚಿನ್ನದ ಪದಕಗಳನ್ನು ಗೆದ್ದರು. ಅದೇ ಕೂಟದಲ್ಲಿ ವಿಡಿಯೋ ಗೇಮುಗಳಿಗೂ ಮೊದಲ ಬಾರಿಗೆ ಪದಕಗಳನ್ನು ಕೊಡಲಾಯಿತೆಂಬುದನ್ನು ಹಿರಿಯ ಓದುಗರು ಗಮನಿಸಬೇಕು.

ಅವರು ಬಳಸುವುದು ಕಾಂಪೌಂಡ್ ಬಿಲ್ಲು. ಅದರ ತುದಿಗಳಲ್ಲಿರುವ ಗಾಲಿಗಳಿಂದಾಗಿ ಹೆದೆಯನ್ನು ಪೂರ್ತಿ ಎಳೆದ ಮೇಲೆ ಹಿಡಿದುಕೊಳ್ಳಬೇಕಾದ ಭಾರ ಬಹಳ ಕಡಿಮೆಯಾಗುತ್ತದೆ. ಗುರಿಯನ್ನು ದೊಡ್ಡದಾಗಿ ತೋರಿಸುವ ಮಸೂರವೂ ಇರುತ್ತದೆ. ಇದನ್ನು ಸಾಮಾನ್ಯ ರಿಕರ್ವ್ ಬಿಲ್ಲಿನ ಎದುರು ನಿಲ್ಲಿಸಿದರೆ ಸ್ಪರ್ಧೆ ಸಮವಾಗದು. ಹಾಗೆಂದು ಬಿಲ್ಲನ್ನು ಬಹಿಷ್ಕರಿಸಲಿಲ್ಲ. ಅದಕ್ಕೆ ಬೇರೆಯದೇ ವಿಭಾಗವನ್ನು ಮಾಡಿದರು. ರಿಕರ್ವ್ ಬಿಲ್ಲುಗಾರರು 70 ಮೀಟರ್ ದೂರದ ಗುರಿಗೆ ಹೊಡೆದರೆ, ಕಾಂಪೌಂಡಿನವರು 50 ಮೀಟರ್ ದೂರದ ಚಿಕ್ಕ ಗುರಿಗೆ ಹೊಡೆಯುತ್ತಾರೆ.

ನಮ್ಮ ಕರಾವಳಿಯ ಕಂಬಳದಲ್ಲಿಯೂ ಇದೇ ಜಾಣ್ಮೆಯಿದೆ. ಕನೆಹಲಗೆ, ಅಡ್ಡಹಲಗೆ, ಹಗ್ಗ, ನೇಗಿಲು ಎಂದು ವಿಭಾಗಗಳು. ಹಗ್ಗ, ನೇಗಿಲುಗಳಲ್ಲಿ ಮತ್ತೆ ಹಿರಿಯ, ಕಿರಿಯ. ಎಳೆಯ ಕೋಣಗಳನ್ನು ಪಳಗಿದ ಕೋಣಗಳೊಡನೆ ಓಡಿಸಿ ನಗೆಗೀಡುಮಾಡುವುದಿಲ್ಲ. ನಮ್ಮ ಸಭಾಂಗಣದಲ್ಲಿ ಎಂಟು ವರ್ಷದವಳನ್ನು ಹದಿನಾಲ್ಕರವನ ಎದುರು ಕೂರಿಸಿದ ನಮಗೆ ಅಷ್ಟು ತಿಳಿವಳಿಕೆ ಇರಲಿಲ್ಲ.

ಬಿಡುವಿನ ಆಟದ ಬೇರೆ ಲೆಕ್ಕ

ದೊಡ್ಡ ಪಂದ್ಯಾವಳಿಗೂ ಸಂಘದ ಆಟಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ವೃತ್ತಿಪರ ಆಟಗಾರನಿಗೆ ಹೊಸ ಅಸ್ತ್ರಕ್ಕೆ ಮದ್ದು ಹುಡುಕಲು ತಿಂಗಳುಗಳ ಕಾಲಾವಕಾಶವಿರುತ್ತದೆ. ಬಿಡುವಿಗಾಗಿ ಬಂದವರಿಗೆ ಇರುವುದು ಒಂದು ಮಧ್ಯಾಹ್ನ. ಆದ್ದರಿಂದ ಅಲ್ಲಿ ಉತ್ತರವಿರುವ ಶಕ್ತಿಗೂ ಇಲ್ಲಿ ಉತ್ತರವಿಲ್ಲದೆ ಹೋಗಬಹುದು, ಮತ್ತು ಇಲ್ಲಿ ನಿರ್ಬಂಧಗಳು ಸ್ವಲ್ಪ ಹೆಚ್ಚಾಗಿದ್ದರೆ ತಪ್ಪಲ್ಲ.

ಇದರಲ್ಲಿ ಆರೋಗ್ಯದ ಪ್ರಶ್ನೆಯೂ ಅಡಗಿದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ವ್ಯಾಯಾಮವೂ, 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆಯೂ ಅಗತ್ಯ. ಕುಳಿತು ಆಡುವ ಆಟದಿಂದ ಇದು ದೊರಕದು, ನಿಜ. ಆದರೆ ನಮ್ಮ ಬ್ಯಾಡ್ಮಿಂಟನ್ ಅಂಕಣದಲ್ಲಿಯೂ ನಡೆಯುವುದು ಅದೇ ಕಥೆ. ಮೊದಲ ದಿನವೇ ಬಿರುಸಿನ ಹೊಡೆತಗಳಿಗೆ ಸಿಕ್ಕು ನಾಚಿದ ಐವತ್ತರ ಗೃಹಸ್ಥರು ಮತ್ತೆ ಅತ್ತ ಸುಳಿಯುವುದಿಲ್ಲ. ವ್ಯಾಯಾಮ ಯಾರಿಗೆ ಹೆಚ್ಚು ಬೇಕೋ ಅವರೇ ಮೊದಲು ಮನೆ ಸೇರುತ್ತಾರೆ. ಮೇಲಾಗಿ, ಹತ್ತಿರದಿಂದ ಹೊಡೆದ ಶಟಲ್ ಕಣ್ಣಿಗೆ ತಗುಲಿದರೆ ದೃಷ್ಟಿಗೇ ಅಪಾಯ. ಹಿರಿಯ-ಕಿರಿಯರು ಬೆರೆತ ಜೋಡಿಯಾಟದಲ್ಲಿ ಬಲೆಯ ಬಳಿ ಸ್ಮ್ಯಾಶ್ ಬೇಡವೆಂದರೆ ಅದನ್ನು ಹೇಡಿತನವೆನ್ನಲಾಗದು.

ಅನುಭವದಿಂದ ಕಲಿತ ಕೆಲವು ಅಂಶಗಳನ್ನು ಕಾರ್ಯಕಾರಿ ಸಮಿತಿಯ ಮುಂದಿಡಬಯಸುತ್ತೇನೆ:

1. ನಿಯಮವು ಪಂದ್ಯಕ್ಕೆ ಮೊದಲೇ, ಕನಿಷ್ಠ ಒಂದು ವಾರ ಮುಂಚೆ, ಬರಹದಲ್ಲಿ ಪ್ರಕಟವಾಗಬೇಕು. ನಡುವೆ ಬದಲಿಸಕೂಡದು, ದೋಷ ಕಂಡರೆ ಮುಂದಿನ ವರ್ಷಕ್ಕೆ ತಿದ್ದಬೇಕು.

2. ನಿರ್ಬಂಧವು ಶಕ್ತಿಯ ಮೇಲಿರಲಿ, ವ್ಯಕ್ತಿಯ ಮೇಲೆ ಬೇಡ. ಚೆನ್ನಾಗಿ ಆಡುವುದು ಅಪರಾಧವಲ್ಲ.

3. ನಿಷೇಧಿಸುವ ಮುನ್ನ, ವಯಸ್ಸಿನ ವಿಭಾಗದಿಂದಲೋ ದುರ್ಬಲರಿಗೆ ಕೊಡುವ ಅನುಕೂಲದಿಂದಲೋ ಕೆಲಸವಾದೀತೇ ಎಂದು ನೋಡಬೇಕು.

4. ನಿಯಮವನ್ನು ರಚಿಸುವಾಗ ಆ ಆಟವನ್ನು ಬಲ್ಲ ಮಕ್ಕಳನ್ನೇ ಕೇಳಬೇಕು.

ಕೊನೆಯ ಅಂಶವನ್ನು ನಾನೇ ಪರೀಕ್ಷಿಸಿದೆ. ಕಳೆದ ರಾಜ್ಯೋತ್ಸವಕ್ಕೆ ಮುನ್ನ ಆ ಹುಡುಗನ ಮನೆಗೆ ಹೋಗಿ, ಅಂದು ತಪ್ಪಿದ್ದು ನಾನೆಂದು ಒಪ್ಪಿಕೊಂಡು, ನಿಯಮಪತ್ರವನ್ನು ನೀನೇ ಬರೆದುಕೊಡಪ್ಪ ಎಂದೆ. ಎರಡು ದಿನಗಳಲ್ಲಿ ಬರೆದುಕೊಟ್ಟ. ಹತ್ತು ವರ್ಷದೊಳಗಿನವರ ವಿಭಾಗದಲ್ಲಿ ದೂರದಿಂದ ಎಸೆಯುವ ಶಕ್ತಿಗಳು ಯಾರಿಗೂ ಇಲ್ಲ. ದೊಡ್ಡವರ ವಿಭಾಗದಲ್ಲಿ ಎಲ್ಲವೂ ಇವೆ, ಆದರೆ ಸೋತವನಿಗೆ ಪಾತ್ರವನ್ನು ಬದಲಿಸುವ ಅವಕಾಶವುಂಟು, ಗೆದ್ದವನಿಗಿಲ್ಲ. ಇಷ್ಟು ಸರಳವಾದ ಉಪಾಯ ನನಗೆ ಹೊಳೆದಿರಲಿಲ್ಲ.

ಆ ಬಾಲಕಿಯನ್ನೂ ಅವಳ ತಾಯಿ ಮನವೊಲಿಸಿ ಕರೆತಂದರು. ಅವಳು ಎರಡನೆಯ ಸುತ್ತಿನಲ್ಲಿ ಸೋತಳು. ಆದರೆ ಕೊನೆಯ ಕ್ಷಣದವರೆಗೂ ಕಾದಾಡಿ ಸೋತಳು, ಮತ್ತು ಎದ್ದು ಬಂದವಳು ನನ್ನನ್ನು ಕೇಳಿದ್ದು, "ಮುಂದಿನ ವರ್ಷವೂ ಇರುತ್ತಾ ಅಂಕಲ್?" ಎಂದು. ಊರು ಬಿಟ್ಟು ಬಂದ ನಾವು ಸಂಘ ಕಟ್ಟಿಕೊಂಡದ್ದು ನಮ್ಮ ಮಕ್ಕಳು ಮತ್ತೆ ಮತ್ತೆ ಬರಲಿ ಎಂದಲ್ಲವೇ? ಗೆದ್ದವನೂ ಸೋತವಳೂ ಮರುವರ್ಷ ಬರುವಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆ.